ಹೇಳಿ ಹೋಗಿ

ನಮ್ಮ ಭಾನುವಾರದ ಕನ್ನಡ ತರಗತಿಯ ಟೀಚರ್ ಅಡಿಲೇಡ್ ಬಿಟ್ಟು ಹೊರಡುತ್ತಿದ್ದಾರೆ. ಅವರ ಯಜಮಾನರಿಗೆ ಆಸ್ಟ್ರೇಲಿಯಾದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಗಣೇಶನ ಹಬ್ಬ ಮುಗಿಸಿ, ಮಕ್ಕಳಿಗೆ ರಜೆ ಸಿಕ್ಕ ಕೂಡಲೇ ಕಾರಿನಲ್ಲೇ ಹೋಗುತ್ತಾರಂತೆ. ಅವರ ಹಿಂದೆಯೇ ಉಲುರು ಎಂಬ ದೊಡ್ಡ ಕೆಂಪು ಬಂಡೆ ನೋಡಲು ಹೊರಟಿರುವ ಮನೆಗಳೂ ನಮ್ಮಲ್ಲಿ ಬಹಳ ಇವೆ. ವಾಟ್ಸಾಪ್ ಗುಂಪಿನಲ್ಲಿ ದಿನಾ ಅದೇ ಮಾತು. ಹಬ್ಬದ ಬಗ್ಗೆ ಪ್ರತಿ ವರ್ಷ ಬರೆಯುತ್ತೇವೆ. ಈ ಸಲ ಸಂಘದ ಪತ್ರಿಕೆಯ ಈ ಜಾಗ ಆ ದಾರಿಗಿರಲಿ.

ಪೋರ್ಟ್ ಅಗಸ್ಟಾದಿಂದ ಡಾರ್ವಿನ್‌ವರೆಗೆ ಹೋಗುವ ಸ್ಟುವರ್ಟ್ ಹೆದ್ದಾರಿ ಸುಮಾರು 2,700 ಕಿ.ಮೀ. ಉದ್ದ. ದಕ್ಷಿಣದಿಂದ ಹೊರಟು 1862ರಲ್ಲಿ ಉತ್ತರದ ಕಡಲು ಮುಟ್ಟಿದ ಜಾನ್ ಮೆಕ್‌ಡೂವಲ್ ಸ್ಟುವರ್ಟ್ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಪೂರ್ತಿ ಟಾರು ಬಿದ್ದಿದ್ದು 1987ರಲ್ಲಿ. ಅಡಿಲೇಡ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ಗೆ 1,500 ಕಿ.ಮೀ. ಮೇಲೆಯೇ ಆಗುತ್ತದೆ. ಉಲುರು ಆಲಿಸ್ ಪಕ್ಕದಲ್ಲೇ ಇದೆ ಎಂದುಕೊಂಡವರು ಬಹಳ ಜನ. ಪಕ್ಕ ಅಲ್ಲ, ಅಲ್ಲಿಂದ ಮತ್ತೆ 450 ಕಿ.ಮೀ. ಆಗುತ್ತದೆ.

ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋಗುವಾಗ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ ಎಲ್ಲ ಸಿಗುತ್ತವೆ. ನಡುನಡುವೆ ಎಳನೀರು, ಕಾಫಿ, ಪಂಚರ್ ಅಂಗಡಿ. ಈ ಹೆದ್ದಾರಿಯಲ್ಲಿ ಗ್ಲೆಂಡಾಂಬೊ ಎಂಬ ಪುಟ್ಟ ಊರು ದಾಟಿದರೆ ಕೂಬರ್ ಪೀಡಿವರೆಗೆ 250 ಕಿ.ಮೀ. ಒಂದು ಊರಿಲ್ಲ, ಒಂದು ಪೆಟ್ರೋಲ್ ಬಂಕ್ ಇಲ್ಲ, ಬಹುಪಾಲು ದೂರ ಫೋನ್ ಸಿಗ್ನಲ್ಲೂ ಇಲ್ಲ.

ಹಾಗಂತ ಅದನ್ನು ಯಾರೂ ಇಲ್ಲದ ಜಾಗ ಅಂತ ತಿಳಿಯಬೇಡಿ. ಅದು ಕೊಕಥಾ ಮತ್ತಿತರ ಮೂಲನಿವಾಸಿಗಳ ನೆಲ. ಸ್ಟುವರ್ಟ್ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ನೀರು ಎಲ್ಲೆಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ಉಪಖಂಡದವರೂ ಈ ಮಣ್ಣು ತುಳಿದಿದ್ದಾರೆ. 1860ರ ದಶಕದಿಂದ ಆಗಿನ ಬ್ರಿಟಿಷ್ ಇಂಡಿಯಾ, ಅಫ್ಘಾನಿಸ್ತಾನಗಳಿಂದ ಒಂಟೆಗಳ ಜೊತೆ ಬಂದ ಜನ ಈ ಒಳನಾಡಿಗೆ ಹಿಟ್ಟು, ಸಕ್ಕರೆ, ತಂತಿ, ಕಂಬ ಎಲ್ಲ ಹೊತ್ತು ಮುಟ್ಟಿಸಿದರು. ಅವರು ಕಟ್ಟಿಕೊಂಡ ಮಸೀದಿ ಇವತ್ತಿಗೂ ನಮ್ಮ ಅಡಿಲೇಡ್‌ನ ಲಿಟಲ್ ಗಿಲ್ಬರ್ಟ್ ಸ್ಟ್ರೀಟ್‌ನಲ್ಲಿದೆ. ಮಕ್ಕಳಿಗೆ ಒಮ್ಮೆ ತೋರಿಸಿ.

ಹೋದ ವರ್ಷ ಇದೇ ರಜೆಯಲ್ಲಿ ನಾವೂ ಹೋಗಿದ್ದೆವು. ಅತ್ತೆಯವರು ತರೀಕೆರೆಯಿಂದ ಬಂದಿದ್ದರು. ಲೇಕ್ ಹಾರ್ಟ್‌ನ ಬಿಳಿ ಉಪ್ಪು ನೋಡಿ, ಗ್ಲೆಂಡಾಂಬೊ ದಾಟಿ ಒಂದು ಗಂಟೆ ಆಗಿತ್ತು. "ಅಜ್ಜಿ, ಟೀ ಅಂಗಡಿ ಯಾವಾಗ ಬರುತ್ತೆ?" ಅಂತ ಮಗಳು ಕೇಳಿದಳು. ಅತ್ತೆ ಕಿಟಕಿಯಿಂದ ಕಣ್ಣು ತೆಗೆಯದೆ, "ಇಷ್ಟೊಂದು ಭೂಮಿ ಇದೆ, ಒಂದು ಬಾವಿ ಕಾಣಲ್ವಲ್ಲ ಮಗಾ" ಅಂದರು. ಅಷ್ಟು ಹೊತ್ತಿಗೆ ಹಿಂದಿನ ಟೈರ್ ಪಂಚರ್.

ಸ್ಟೆಪ್ನಿ ಇತ್ತು, ಜಾಕ್ ಇತ್ತು. ಆದರೆ ರಸ್ತೆ ಬದಿಯ ಕೆಂಪು ಮಣ್ಣು ಸಡಿಲ. ನಮ್ಮವರು ಜಾಕ್ ತಿರುಗಿಸಿದಷ್ಟೂ ಅದರ ಪಾದ ನೆಲದೊಳಗೆ ಇಳಿಯುತ್ತಿತ್ತು, ಕಾರು ಮೇಲೇಳುತ್ತಿರಲಿಲ್ಲ. ನೊಣಗಳು ಕಣ್ಣಿಗೆ, ಮೂಗಿಗೆ, ತುಟಿಗೆ ಮುತ್ತುತ್ತಿದ್ದವು. ಅತ್ತೆ ಸೆರಗಿನಲ್ಲಿ ಮಗಳ ಮುಖ ಮುಚ್ಚಿ ಕಾರಿನ ನೆರಳಿನಲ್ಲಿ ಕೂತರು. ಆಗ ಒಂದು ರೋಡ್ ಟ್ರೇನ್ ಲಾರಿ ಬಂತು. ಮೂರು ಟ್ರೇಲರ್, ಐವತ್ತು ಮೀಟರಿಗೂ ಹೆಚ್ಚು ಉದ್ದ. ನಮ್ಮನ್ನು ನೋಡಿ ಆಚೆ ಪಕ್ಕಕ್ಕೆ ಸರಿದು, ಹಾರ್ನ್ ಹೊಡೆದು, ನಿಲ್ಲದೆ ಹೋಯಿತು. ಅದು ಹೋದ ಮೇಲಿನ ನಿಶ್ಶಬ್ದದಲ್ಲಿ ನನಗೆ ಅಳು ಬರುವ ಹಾಗಾಯಿತು.

ಸ್ವಲ್ಪ ಹೊತ್ತಿಗೆ ಎದುರುಗಡೆಯಿಂದ ಒಂದು ಹಳೇ ಯೂಟ್, ಅಂದರೆ ಹಿಂದೆ ಸಾಮಾನು ಹಾಕುವ ಗಾಡಿ, ಬಂದು ನಿಂತಿತು. ಇಳಿದವರು ವಯಸ್ಸಾದವರು. ಆ ಲಾರಿಯವನೇ ರೇಡಿಯೋದಲ್ಲಿ ಹೇಳಿದನಂತೆ, ಒಂದು ಸಂಸಾರ ನಿಂತಿದೆ, ಮಗು ಇದೆ, ನೋಡಿ ಅಂತ. ಅಷ್ಟು ಭಾರದ ಗಾಡಿ ಥಟ್ಟನೆ ನಿಲ್ಲಿಸಲು ಆಗುವುದಿಲ್ಲ. ಲಾರಿಯವರೆಲ್ಲ ಯು.ಎಚ್.ಎಫ್. ರೇಡಿಯೋದ ಚಾನೆಲ್ 40ರಲ್ಲಿ ಮಾತಾಡಿಕೊಳ್ಳುತ್ತಾರೆ ಅಂತ ನಮಗೆ ಗೊತ್ತಾಗಿದ್ದು ಆವತ್ತೇ. ಆ ಹಿರಿಯರು ಯೂಟಿನ ಹಿಂದಿನಿಂದ ಒಂದು ಚೌಕದ ದಪ್ಪ ಹಲಗೆ ತಂದು ಜಾಕ್ ಕೆಳಗೆ ಇಟ್ಟರು. ಕಾರು ಎದ್ದಿತು. ದುಡ್ಡು ಮುಟ್ಟಲಿಲ್ಲ. ಅತ್ತೆ ಬಲವಂತ ಮಾಡಿ ಕೊಟ್ಟ ಕೋಡುಬಳೆ ತೆಗೆದುಕೊಂಡರು. ಹಲಗೆಯನ್ನೂ ನಮಗೇ ಬಿಟ್ಟರು. ಹೊರಡುವಾಗ ಒಂದೇ ಪ್ರಶ್ನೆ ಕೇಳಿದರು: ನೀವು ಇಲ್ಲಿದ್ದೀರಿ ಅಂತ ಯಾರಿಗೆ ಗೊತ್ತಿದೆ?

ಆ ಪ್ರಶ್ನೆಯನ್ನೇ ನಾನು ನಿಮಗೆ ಕೇಳುತ್ತಿದ್ದೇನೆ. ದಯವಿಟ್ಟು ಹೇಳಿ ಹೋಗಿ. ಯಾವ ಕಾರು, ಯಾವ ದಾರಿ, ರಾತ್ರಿ ಎಲ್ಲಿ ಉಳಿಯುತ್ತೀರಿ, ಎಷ್ಟು ಹೊತ್ತಿಗೆ ತಲುಪುತ್ತೀರಿ, ಇಷ್ಟನ್ನು ಇಲ್ಲಿರುವ ಒಬ್ಬರಿಗೆ ಬರೆದು ಕೊಡಿ. ತಲುಪಿದ ಕೂಡಲೇ ಅವರಿಗೆ ಫೋನ್ ಮಾಡಿ. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆಯಬೇಡಿ, ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಕುಡಿಯುವ ನೀರು ಬೇಕಾದ್ದಕ್ಕಿಂತ ಜಾಸ್ತಿಯೇ ಇರಲಿ. ಬಂಕ್ ಸಿಕ್ಕಲ್ಲೆಲ್ಲ ಟ್ಯಾಂಕ್ ತುಂಬಿಸಿ. ಮುಂಜಾನೆ, ಮುಸ್ಸಂಜೆ, ರಾತ್ರಿ ಓಡಿಸಲೇಬೇಡಿ. ಕಾಂಗರೂ, ಎಮು, ದನ ಎಲ್ಲ ರಸ್ತೆಗೆ ಬರುವ ಹೊತ್ತು ಅದು, ಬೇಲಿಯಿಲ್ಲದ ಕಡೆಯೇ ಹೆಚ್ಚು. ಪಿ.ಎಲ್.ಬಿ. ಅಂತ ಅಂಗೈಯಗಲದ ಬೀಕನ್ ಸಿಗುತ್ತದೆ. ಫೋನ್ ಸಿಗದ ಕಡೆಯೂ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣೆಯವರಿಗೆ ಸುದ್ದಿ ಹೋಗುತ್ತದೆ. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಒತ್ತಬೇಕು. ಮಳೆಯ ಸೂಚನೆ ಇದ್ದರೆ ರಸ್ತೆ ತೆರೆದಿದೆಯಾ ಅಂತ ನೋಡಿಕೊಂಡೇ ಹೊರಡಿ. 2022ರ ಜನವರಿಯಲ್ಲಿ ಗ್ಲೆಂಡಾಂಬೊ ಬಳಿ ಈ ಹೆದ್ದಾರಿಯೇ ನೀರಿನಲ್ಲಿ ಮುಳುಗಿ, ಕೂಬರ್ ಪೀಡಿಗೆ ದಿನಸಿಯನ್ನು ವಿಮಾನದಲ್ಲಿ ಒಯ್ಯಬೇಕಾಯಿತು.

ಇಷ್ಟೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಹೋಗಲೇಬೇಕಾದ ದಾರಿ ಅದು. ಕೂಬರ್ ಪೀಡಿಯಲ್ಲಿ ಸೆಕೆಗೆ ಗುಡ್ಡದೊಳಗೆ ಕೊರೆದುಕೊಂಡ ಮನೆಯಲ್ಲಿ ಒಂದು ರಾತ್ರಿ ಮಲಗಿ ನೋಡಿ. ಎದುರು ಬರುವ ಕಾರಿನವರು ಸ್ಟೇರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ, ನೀವೂ ಎತ್ತಿ.

ಪ್ರಿಂಟಿಗೆ ಬೆಳಿಗ್ಗೆಯೇ ಕಳಿಸಬೇಕು, ಆದ್ದರಿಂದ ಉಳಿದದ್ದು ಬೇಗ ಬೇಗ. ಸಂಘದ ಗಣೇಶೋತ್ಸವ ಹಬ್ಬದ ನಂತರದ ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಪೂಜೆ. ಊಟಕ್ಕೆ ಬರುವವರು ಹೆಸರು ಕೊಡಿ, ಕೊನೇ ಗಳಿಗೆಯಲ್ಲಿ ಅನ್ನ ಸಾಲದೆ ಹೋಗುತ್ತದೆ. ಅದೇ ದಿನ ಟೀಚರ್ ಮನೆಯವರಿಗೆ ಬೀಳ್ಕೊಡುಗೆ. ರಾಜ್ಯೋತ್ಸವದ ಮಕ್ಕಳ ನಾಟಕಕ್ಕೆ ಹೆಸರು ಕೊಡಲು ಇದು ಕೊನೇ ವಾರ. ಸದಸ್ಯತ್ವದ ಬಾಕಿ ಇರುವವರು ಖಜಾಂಚಿಯವರನ್ನು ಕಾಣಿ.

ಇನ್ನೊಂದು ಮಾತು. ರಜೆಯ ಎರಡು ವಾರ ಪ್ರಯಾಣಿಕರ ಪಟ್ಟಿ ಇಟ್ಟುಕೊಂಡು, ಸಂಜೆ ಎಲ್ಲರೂ ತಲುಪಿದರಾ ಅಂತ ವಿಚಾರಿಸಲು ಇಬ್ಬರು ಬೇಕು. ಯಾರದಾದರೂ ಸುದ್ದಿಯೇ ಇಲ್ಲದಿದ್ದರೆ ಆ ಇಬ್ಬರು ಪೊಲೀಸರಿಗೆ 131 444ಕ್ಕೆ ತಿಳಿಸಬೇಕು, ತುರ್ತಾದರೆ 000. ಕನ್ನಡ ತರಗತಿಗೆ ಹೊಸ ಟೀಚರ್ ಬೇಕೇ ಬೇಕು. ಇಪ್ಪತ್ತು ಮಕ್ಕಳಿದ್ದಾರೆ, ಈಗಷ್ಟೇ ಒತ್ತಕ್ಷರಕ್ಕೆ ಬಂದಿದ್ದಾರೆ, ಈಗ ನಿಂತರೆ ಮತ್ತೆ ಅ ಆ ಇ ಈ. ಈ ಪತ್ರಿಕೆಯ ಕರಡು ತಿದ್ದಲೂ ಒಬ್ಬರು ಸಿಕ್ಕರೆ ದೊಡ್ಡ ಉಪಕಾರ, ಒಬ್ಬಳಿಂದ ಇನ್ನು ಆಗುತ್ತಿಲ್ಲ. ನಿಮ್ಮಲ್ಲಿ ಯಾರಿಗೆ ಭಾನುವಾರ ಎರಡು ಗಂಟೆ ಬಿಡುವಿದೆ? ಗಣೇಶೋತ್ಸವದ ದಿನ ಅಡುಗೆಮನೆ ಬಾಗಿಲಲ್ಲೇ ಇರುತ್ತೇನೆ, ಬಂದು ಹೇಳಿ.