ಕಾಲು ನೋಡಿ ಬರೆ, ತಮ್ಮಾ

ಪ್ರೀತಿಯ ತಮ್ಮಾ,

ಸಿನಿಮಾ ನಟಿ, ಭರತನಾಟ್ಯ ಕಲಾವಿದೆ ವೈಜಯಂತಿಮಾಲಾ ಬಗ್ಗೆ ನೀನು ಬರೆದ ಹಸ್ತಪ್ರತಿ ಬಂದು ಮೂರು ವಾರ ಆಯಿತು. ಎರಡು ಸಲ ಓದಿದೆ. ಜೊತೆಗಿದ್ದ ಪತ್ರವನ್ನು ಅದಕ್ಕಿಂತ ಜಾಸ್ತಿ ಸಲ ಓದಿದೆ. 'ಇಬ್ಬರು ಪ್ರಕಾಶಕರು ವಾಪಸ್ ಕಳಿಸಿದರು ಅಮ್ಮಾ, ಒಬ್ಬರು ಮಸಾಲೆ ಸಾಲದು ಅಂದರು, ನನಗೆ ಬರೆಯೋಕೇ ಬರಲ್ಲ ಅನಿಸ್ತಿದೆ, ಬಿಟ್ಟುಬಿಡಲಾ?' ಎಂದು ಕೇಳಿದ್ದೀಯ. ನಾನು ಹೆತ್ತವಳಲ್ಲದಿದ್ದರೂ ಅಮ್ಮಾ ಅಂದಿದ್ದೀಯ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬಿಡಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಸ್ವಲ್ಪ ಗದರುವುದಿದೆ.

ಪುಸ್ತಕ ಎಷ್ಟು ಪುಟ ಇರಬೇಕು, ಅಧ್ಯಾಯ ಹೇಗೆ ಒಡೆಯಬೇಕು, ಮುಖಪುಟಕ್ಕೆ ಫೋಟೊ ಎಲ್ಲಿ ಸಿಗುತ್ತದೆ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳುತ್ತಾರೆ. ನಾನು ಹೇಳಬೇಕಾದ್ದು ಒಂದೇ ಒಂದು. ವೈಜಯಂತಿಮಾಲಾ ಬಗ್ಗೆ ನೀನು 180 ಪುಟ ಬರೆದಿದ್ದೀಯ. ಆ 180 ಪುಟಗಳಲ್ಲಿ ಅವರು ಒಂದು ಸಲವೂ ಕುಣಿಯಲಿಲ್ಲ.

ನಾಟ್ಯಮಯೂರಿ ಇದ್ದಾಳೆ. ಮಿಂಚಿನ ಬಳ್ಳಿ ಇದ್ದಾಳೆ. ಅಪ್ಸರೆ 14 ಸಲ ಬಂದಿದ್ದಾಳೆ, ಎಣಿಸಿದ್ದೇನೆ. ಇವು ಯಾವುವೂ ನಿನ್ನ ಮಾತುಗಳಲ್ಲ. ಯಾರೋ ಬರೆದದ್ದನ್ನು ಇನ್ಯಾರೋ ಬರೆದು, ಅದನ್ನು ನೀನು ಎತ್ತಿಕೊಂಡದ್ದು. ನೀನು ಆ ಹಾಡುಗಳನ್ನು ಕೂತು ನೋಡಿದ್ದೀಯಾ? ನಿಜ ಹೇಳು. ನೋಡಿದ್ದರೆ ಕಣ್ಣು ಎಲ್ಲಿತ್ತು? 1958ರಲ್ಲಿ ಜೆಮಿನಿ ಸ್ಟುಡಿಯೊದ ಎಸ್.ಎಸ್. ವಾಸನ್ ಮಾಡಿದ 'ವಂಜಿಕೋಟ್ಟೈ ವಾಲಿಬನ್' ಎಂಬ ತಮಿಳು ಚಿತ್ರದ ನೃತ್ಯ ಸ್ಪರ್ಧೆಯ ಬಗ್ಗೆ 'ಪದ್ಮಿನಿ ಮತ್ತು ವೈಜಯಂತಿಮಾಲಾ ಮನಸೂರೆಗೊಳ್ಳುವಂತೆ ನರ್ತಿಸಿದರು' ಎಂದಷ್ಟೇ ಬರೆದಿದ್ದೀಯ. ಇಷ್ಟನ್ನು ಚಿತ್ರ ನೋಡದವನೂ ಬರೆಯಬಹುದು. ಪದ್ಮಿನಿ ತಿರುವಾಂಕೂರು ಸಹೋದರಿಯರು ಎಂಬ ಮೂವರು ನರ್ತಕಿಯರಲ್ಲಿ ನಡುವಿನವರು, ವೈಜಯಂತಿಮಾಲಾ ಭರತನಾಟ್ಯ ಗುರು ವಳುವೂರು ರಾಮಯ್ಯ ಪಿಳ್ಳೈ ಅವರ ಶಿಷ್ಯೆ. ಮೈ ಬೇರೆ, ಪಾಠ ಬೇರೆ. ಪಿ. ಲೀಲಾ ಮತ್ತು ಜಿಕ್ಕಿ ಹಾಡುತ್ತಿದ್ದಾರೆ, ಸಿ. ರಾಮಚಂದ್ರ ಸಂಗೀತ, ಮಧ್ಯದಲ್ಲಿ ಖಳನಟ ಪಿ.ಎಸ್. ವೀರಪ್ಪ 'ಸಭಾಷ್, ಸರಿಯಾನ ಪೋಟ್ಟಿ', ಅಂದರೆ ಭಲೇ, ಸರಿಯಾದ ಪೈಪೋಟಿ ಅನ್ನುತ್ತಾರೆ, ತಮಿಳುನಾಡಿನಲ್ಲಿ ಇವತ್ತಿಗೂ ಯಾವ ಪೈಪೋಟಿ ಕಂಡರೂ ಜನ ಆ ಮಾತೇ ಆಡುತ್ತಾರೆ. ಆ ಮಾತು ಯಾಕೆ ಉಳಿಯಿತು? ಅಲ್ಲಿ ನಿಜವಾಗಿ ಪೈಪೋಟಿ ಇತ್ತು, ಅದು ಕಾಣುತ್ತಿತ್ತು, ಅದಕ್ಕೆ. ನಿನ್ನ ಓದುಗನಿಗೆ ಅದು ಕಾಣಬೇಕಲ್ವಾ?

ಹೀಗೆ ಮಾಡು. ಆ ಹಾಡನ್ನು ದನಿ ಪೂರ್ತಿ ತೆಗೆದು ಹಾಕಿಕೋ. ಮೊದಲ ಸಲ ಇಬ್ಬರ ಕಾಲು ಮಾತ್ರ ನೋಡು. ಎರಡನೇ ಸಲ ಕೈ. ಮೂರನೇ ಸಲ, ಒಬ್ಬರು ಕುಣಿಯುವಾಗ ಇನ್ನೊಬ್ಬರ ಮುಖ. ಆಮೇಲೆ ದನಿ ಹಾಕಿ ನೋಡು. ನಿನಗೆ ಮಂಡಿ ಬಾಗಿಸಿ ನಿಲ್ಲುವ ಅರೆಮಂಡಿ ಅಂದರೇನು, ಹೆಜ್ಜೆ-ಕೈ ಸೇರಿದ ಅಡವು ಅಂದರೇನು ಗೊತ್ತಿಲ್ಲದಿದ್ದರೆ ಹತ್ತಿರದ ನೃತ್ಯಶಾಲೆಗೆ ಹೋಗಿ ಒಂದು ತಿಂಗಳು ಮೂಲೆಯಲ್ಲಿ ಸುಮ್ನೆ ಕೂತು ಬಾ. ಮಕ್ಕಳು ಮೊದಲ ಪಾಠದ ತಟ್ಟಡವು ಹಾಕುವುದನ್ನೇ ನೋಡುತ್ತಾ ಕೂತರೆ ಸಾಕು, ನಿನ್ನ ಅಪ್ಸರೆ ತಾನಾಗಿ ಓಡಿಹೋಗುತ್ತಾಳೆ.

ನಾನು ಯಾಕೆ ಇಷ್ಟು ಸಿಟ್ಟಾಗಿದ್ದೇನೆ ಅಂತ ನಿನಗೆ ಗೊತ್ತಾಗಬೇಕು. ಇದನ್ನು ನಾನು ಎಲ್ಲೂ ಬರೆದಿಲ್ಲ.

ಸುಮಾರು 40 ವರ್ಷದ ಹಿಂದೆ ನಾನು ಒಂದು ವಾರಪತ್ರಿಕೆಗೆ ಬರೆಯುತ್ತಿದ್ದೆ. ಹಳೆಯ ನಟಿಯೊಬ್ಬರನ್ನು ಮಾತಾಡಿಸಿಕೊಂಡು ಬಾ ಎಂದು ಸಂಪಾದಕರು ಕಳಿಸಿದರು. ಸಣ್ಣ ಮನೆ. ಅವರಿಗೆ 60 ದಾಟಿತ್ತು. ಕಾಫಿ ಕೊಟ್ಟರು. ನಾನು ಏನೋ ಕೇಳಿದೆ, ಅವರು ಉತ್ತರ ಹೇಳುತ್ತಾ ಹೇಳುತ್ತಾ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ವಯಸ್ಸಿನಲ್ಲಿ ಅರೆಮಂಡಿಯಲ್ಲಿ ಕೂತು, ತನ್ನ ಗುರು ವರ್ಣ ಎಂಬ ದೊಡ್ಡ ನೃತ್ಯರಚನೆಯ ಒಂದು ಸಾಲನ್ನು ಹೇಗೆ ಹೇಳಿಕೊಟ್ಟಿದ್ದರು, ಸಿನಿಮಾದ ಡ್ಯಾನ್ಸ್ ಮಾಸ್ಟರ್ ಅದನ್ನೇ ಹೇಗೆ ಬದಲಾಯಿಸಿದರು ಅಂತ ಎರಡನ್ನೂ ಮಾಡಿ ತೋರಿಸಿದರು. 'ಕ್ಯಾಮೆರಾ ಮುಖಕ್ಕೆ ಬಂದಾಗ ಕಾಲು ನಿಲ್ಲಿಸಿದರೂ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೂ ನಾನು ನಿಲ್ಲಿಸುತ್ತಿರಲಿಲ್ಲ' ಅಂದರು. ನನ್ನ ಕೈಯಲ್ಲಿ ಪೆನ್ನು ಇತ್ತು. ನಾನು ಒಂದಕ್ಷರ ಬರೆದುಕೊಳ್ಳಲಿಲ್ಲ. ಅವರು ಕೂರಲಿ, ಅವರ ಹೆಸರಿನ ಜೊತೆ ಕೇಳಿಬರುತ್ತಿದ್ದ ನಿರ್ಮಾಪಕನ ವಿಷಯ ಕೇಳೋಣ ಎಂದು ಕಾಯುತ್ತಿದ್ದೆ.

ಕೇಳಿದೆ. ಅವರ ಮುಖ ಇಳಿದುಹೋಯಿತು. ಎರಡು ಮಾತು ಹೇಳಿದರು. ಆ ಎರಡು ಮಾತನ್ನು ಎಳೆದು ಎಳೆದು ನಾಲ್ಕು ಪುಟ ಮಾಡಿದೆ. ಆ ಸಂಚಿಕೆ ಚೆನ್ನಾಗಿ ಹೋಯಿತು, ಓದುಗರ ಪತ್ರಗಳು ಬಂದವು, ಸಂಪಾದಕರು ಎಲ್ಲರೆದುರು ಹೊಗಳಿದರು. ನಾನು ಹಿಗ್ಗಿದೆ ಕಣೋ. ಆ ಹೊಗಳಿಕೆಯಲ್ಲಿ ಎಷ್ಟೋ ವರ್ಷ ಅದೇ ತರಹ ಬರೆದೆ. ಆಮೇಲೆ ಒಂದು ದಿನ ನೃತ್ಯ ಕಲಿಯುವ ಹುಡುಗಿಯೊಬ್ಬಳು ಮನೆಗೆ ಬಂದಳು. ಆ ನಟಿ ತೀರಿಕೊಂಡಿದ್ದರು. 'ನೀವು ಅವರನ್ನು ಕಂಡಿದ್ದಿರಂತೆ, ಅವರ ಗುರುಗಳ ಪಾಠದ ಬಗ್ಗೆ ಏನಾದರೂ ಹೇಳಿದ್ದರಾ?' ಎಂದು ಕೇಳಿದಳು. ನನ್ನ ಬಳಿ ಏನಿತ್ತು? ಕೈ ಹೇಗೆ ತಿರುಗಿಸಿದರು ಅನ್ನುವುದೂ ನೆನಪಿರಲಿಲ್ಲ. ಅದು ಹೋಯಿತು. ಇನ್ನು ಯಾರಿಗೂ ಸಿಗುವುದಿಲ್ಲ. ಈಗಲೂ ಅದು ನೆನಪಾದರೆ ಎದೆಯಲ್ಲಿ ಏನೋ ಹಿಂಡುತ್ತದೆ.

ಅದಕ್ಕೇ ನಿನ್ನ ಏಳನೇ ಅಧ್ಯಾಯ ಓದಿ ಕೈ ನಡುಗಿತು. 1964ರ 'ಸಂಗಮ್' ಕಾಲದಲ್ಲಿ ಆ ಚಿತ್ರದ ನಿರ್ದೇಶಕರ ಜೊತೆ ಎದ್ದ ಪ್ರೇಮದ ಸುದ್ದಿಗೆ 22 ಪುಟ. ವೈಜಯಂತಿಮಾಲಾ 2007ರ ಆತ್ಮಕಥೆಯಲ್ಲಿ ಅದನ್ನು ಅಲ್ಲಗಳೆದಿದ್ದಾರೆ. ಆ ಕಡೆಯವರು ಬೇರೆ ಹೇಳಿದ್ದಾರೆ. ನೀನು ಅಲ್ಲಿರಲಿಲ್ಲ. ನಾನೂ ಇರಲಿಲ್ಲ. ಆದರೆ 1966ರ 'ಆಮ್ರಪಾಲಿ' ನಿನ್ನ ಕಣ್ಣೆದುರಿಗೇ ಇದೆ, ಗೋಪಿಕೃಷ್ಣ ಸಂಯೋಜಿಸಿದ ನೃತ್ಯಗಳಿವೆ, ಭಾನು ಅಥೈಯಾ ಮಾಡಿದ ಉಡುಪುಗಳಿವೆ, ಆಸ್ಕರ್‌ಗೆ ಭಾರತದಿಂದ ಹೋದ ಚಿತ್ರ ಅದು. ಅದಕ್ಕೆ ಒಂದು ಸಾಲು: 'ಚಿತ್ರ ಸೋತಿತು.' ಇದು ನ್ಯಾಯವಾ?

ಇನ್ನೊಂದು ಕಡೆ ಪೆನ್ಸಿಲ್ ಮುರಿಯುವಷ್ಟು ಜೋರಾಗಿ ಗೆರೆ ಎಳೆದಿದ್ದೇನೆ. ಬಿಮಲ್ ರಾಯ್ ಅವರ 'ದೇವದಾಸ್' ಚಿತ್ರದ ಚಂದ್ರಮುಖಿ ಪಾತ್ರಕ್ಕೆ ಫಿಲ್ಮ್‌ಫೇರ್‌ನವರು ಪೋಷಕ ನಟಿ ಪ್ರಶಸ್ತಿ ಕೊಟ್ಟಾಗ ಅವರು ಬೇಡ ಅಂದರು. ಅದನ್ನು ನೀನು 'ಯಶಸ್ಸಿನ ಮದ' ಎಂದು ಬರೆದಿದ್ದೀಯ. ತಮ್ಮಾ, ಅವರಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ಸುಚಿತ್ರಾ ಸೇನ್ ಮಾಡಿದ ನಾಯಕಿ ಪಾರೋ ಎಷ್ಟೋ ಚಂದ್ರಮುಖಿಯೂ ಅಷ್ಟೇ, ಇದು ಪೋಷಕ ಪಾತ್ರ ಅಲ್ಲ ಅನ್ನುವುದು ಅವರ ವಾದ. ಬಂದ ಹೊಗಳಿಕೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಅಳತೆ ತಪ್ಪಾಗಿದೆ ಎಂದು ವಾಪಸ್ ಕೊಡುವುದಕ್ಕೆ ಎಂಥ ಗಟ್ಟಿತನ ಬೇಕು! ನನಗೆ ಆ ವಯಸ್ಸಿನಲ್ಲಿ ಅದು ಇರಲಿಲ್ಲ, ಈಗ ತಾನೇ ಹೇಳಿದೆನಲ್ಲ. ಆಮೇಲೆ 'ಸಾಧನಾ', 'ಗಂಗಾ ಜಮುನಾ', 'ಸಂಗಮ್' ಮೂರಕ್ಕೂ ಶ್ರೇಷ್ಠ ನಟಿ ಪ್ರಶಸ್ತಿ ಬಂತು, ಅವನ್ನು ತೆಗೆದುಕೊಂಡರು. 'ಗಂಗಾ ಜಮುನಾ'ದಲ್ಲಿ ಅವರು ಆಡುವುದು ಉತ್ತರದ ಹಳ್ಳಿಮಾತು. ಮದ್ರಾಸಿನ ತಿರುವಲ್ಲಿಕ್ಕೇಣಿಯ ಹುಡುಗಿ ಆ ಮಾತನ್ನು ನಾಲಿಗೆಗೆ ತಂದುಕೊಳ್ಳಲು ಪಟ್ಟ ಪಾಡನ್ನು ಯೋಚಿಸು. ಅದರ ಬಗ್ಗೆ ಎರಡು ಪುಟ ಬರೆಯಬಹುದಿತ್ತು.

ಅವರ ಅಜ್ಜಿಯ ಅಧ್ಯಾಯ ತುಂಬಾ ಚೆನ್ನಾಗಿದೆ. ತಾಯಿ ವಸುಂಧರಾದೇವಿಯೂ ನಟಿ, ಆದರೆ ಮಗುವನ್ನು ಬೆಳೆಸಿದ್ದು ಅಜ್ಜಿ ಯದುಗಿರಿದೇವಿ ಅನ್ನುವುದನ್ನು ಮೆಲ್ಲಗೆ, ಯಾರನ್ನೂ ದೂರದೆ ಬರೆದಿದ್ದೀಯ. ಯದುಗಿರಿ ಅಂದರೆ ನಮ್ಮ ಮೇಲುಕೋಟೆ ಅಲ್ವಾ, ಆ ಹೆಸರು ಕಂಡಾಗ ನನಗೆ ಏನೋ ಖುಷಿ. ಅವರು ಗೆದ್ದ 1984ರ ಲೋಕಸಭೆ ಚುನಾವಣೆಯ ಭಾಗವೂ ಸರಿಯಾಗಿದೆ, ಅದನ್ನು ಮುಟ್ಟಬೇಡ.

ಆದರೆ 1970ರಲ್ಲಿ ಕೊನೆಯ ಚಿತ್ರ 'ಗಂವಾರ್' ಆದಮೇಲೆ 'ತೆರೆಮರೆಗೆ ಸರಿದರು' ಎಂದು ಮೂರೇ ಪುಟದಲ್ಲಿ ಮುಗಿಸಿದ್ದೀಯಲ್ಲ, ಅಲ್ಲಿ ನನಗೆ ಅಳು ಬಂತು. ಸರಿದದ್ದು ನಮ್ಮ ಕಣ್ಣಿಂದ. ಅವರು ಕುಣಿಯುತ್ತಲೇ ಇದ್ದರು. ಭರತನಾಟ್ಯಕ್ಕೆ ಈಗಿನ ಕ್ರಮ ಕೊಟ್ಟ ತಂಜಾವೂರು ಸಹೋದರರ ವಂಶದ ಕಿಟ್ಟಪ್ಪ ಪಿಳ್ಳೈ ಅವರ ಬಳಿ ಕೂತು ಹಳೆಯ ರಚನೆಗಳನ್ನು ಕಲಿತು ವೇದಿಕೆಗೆ ತಂದರು. ಆ ನಾಲ್ವರು ಸಹೋದರರಲ್ಲಿ ಹಿರಿಯರಾದ ಚಿನ್ನಯ್ಯ ನಮ್ಮ ಮೈಸೂರು ಅರಮನೆಯಲ್ಲಿದ್ದವರು, ನೀನು ಅದನ್ನಾದರೂ ಹಿಡಿಯಬೇಕಿತ್ತು. 1982ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದದ್ದು ನೃತ್ಯಕ್ಕೆ. 2024ರಲ್ಲಿ, 90 ವರ್ಷದಲ್ಲಿ, ಅಯೋಧ್ಯೆಯಲ್ಲಿ ಗೆಜ್ಜೆ ಕಟ್ಟಿ ನಿಂತರು. ಅದೇ ವರ್ಷ ಪದ್ಮವಿಭೂಷಣ. ಸಿನಿಮಾದಲ್ಲಿದ್ದದ್ದು ಸುಮಾರು 20 ವರ್ಷ, ನೃತ್ಯದಲ್ಲಿ ಅದರ ನಾಲ್ಕರಷ್ಟು. ನಿನ್ನ ಪುಸ್ತಕದಲ್ಲಿ ಲೆಕ್ಕ ತಲೆಕೆಳಗಾಗಿದೆ.

ಮುನ್ನುಡಿ ಕೇಳಿದ್ದೀಯ. ಈಗ ಬರೆಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಮಸಾಲೆ ಸಾಲದು ಅಂದವರ ಮಾತು ಕೇಳಿ ಏಳನೇ ಅಧ್ಯಾಯವನ್ನು ಇನ್ನೂ ಹಿಗ್ಗಿಸಿದರೆ ಪುಸ್ತಕ ಬರಬಹುದು, ನಾಲ್ಕು ಜನ ಹೊಗಳಲೂಬಹುದು. ನನಗೆ ಆ ಪುಸ್ತಕ ಕಳಿಸಬೇಡ.

ಈಗ 93ನೇ ಪುಟ ತೆಗೆ. ಅಲ್ಲಿ ನಾಲ್ಕು ಸಾಲಿದೆ. ನಿನ್ನ ಅಜ್ಜಿ ಟೆಂಟ್ ಸಿನಿಮಾದಲ್ಲಿ ವೈಜಯಂತಿಮಾಲಾ ಇದ್ದ 'ನಾಗಿನ್' ನೋಡಿ ಬಂದು, ಮಾರನೆಯ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕೊಡ ಕೆಳಗಿಟ್ಟು, ಯಾರೂ ಇಲ್ಲ ಅಂದುಕೊಂಡು ಹೆಡೆಯ ಹಾಗೆ ಕೈ ಎತ್ತಿ ತೂಗಿದರು ಎಂದು ಬರೆದಿದ್ದೀಯ. ಓದುತ್ತಿದ್ದ ನಾನು ಅಲ್ಲೇ ನಿಂತೆ. 180 ಪುಟದಲ್ಲಿ ಯಾರಾದರೂ ಕುಣಿದಿದ್ದರೆ ಅದು ನಿನ್ನ ಅಜ್ಜಿ. ಈ ನಾಲ್ಕು ಸಾಲು ಬರೆದವನು ಬರೆಯಲು ಬರಲ್ಲ ಎನ್ನುತ್ತಿದ್ದಾನಲ್ಲ, ಅವನಿಗೆ ಎರಡು ಏಟು ಹಾಕಬೇಕು ಅನಿಸಿತು, ಆಮೇಲೆ ಹತ್ತಿರ ಕೂರಿಸಿಕೊಂಡು ಊಟ ಹಾಕಬೇಕು ಅನಿಸಿತು.

ಅಜ್ಜಿ ಇನ್ನೂ ಇದ್ದಾರೆ ಎಂದು ಅದೇ ಪುಟದ ಕೊನೆಯಲ್ಲಿದೆ. ಹಾಗಾದರೆ ಈ ವಾರವೇ ಊರಿಗೆ ಹೋಗು. ಕೈ ಹೇಗೆ ಎತ್ತಿದ್ದರು ಅಂತ ಕೇಳು. ಬೆರಳು ಜೋಡಿಸಿದ್ದರಾ, ಬಿಡಿಸಿದ್ದರಾ? ಒಂದು ಕೈಯಾ, ಎರಡಾ? ಆ ಸಿನಿಮಾ ನೋಡಲು ಎಷ್ಟು ದೂರ ನಡೆದಿದ್ದರು, ಜೊತೆಗೆ ಯಾರಿದ್ದರು? ತೋರಿಸಿ ಅಂದರೆ ತೋರಿಸುತ್ತಾರೆ. ಅವರು ತೋರಿಸುವಾಗ ಪೆನ್ನು ಕೈಯಲ್ಲಿರಲಿ. ಬರೆದುಕೊಂಡದ್ದನ್ನು ತಿದ್ದದೆ, ಹಾಗೇ ನನಗೆ ಕಳಿಸು.

ನಿನ್ನ
ಅಮ್ಮ