ಸರ್ವರ್ ಒಂದುಗೂಡಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಟ್ಯಾಲಿಗೊಂದು, ಹಾಜರಿಗೊಂದು, ಫೈಲ್‌ಗಳಿಗೊಂದು ಅಂತ ಬೇರೆ ಬೇರೆ ಸರ್ವರ್ ಇಟ್ಟಿರುವವರು ದಯವಿಟ್ಟು ಪೂರ್ತಿ ಓದಿ.

ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಬಳಕೆ ನೋಡಿ. ಇಂಥ ಸರ್ವರ್‌ಗಳು ಬಹುಪಾಲು ಹೊತ್ತು ಸುಮ್ಮನೆ ಕೂತಿರುತ್ತವೆ. 200 ವ್ಯಾಟ್‌ನ ಒಂದು ಯಂತ್ರ ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ ಸುಮಾರು 1,750 ಯೂನಿಟ್ ಕರೆಂಟು. ಎಸಿ, ಯುಪಿಎಸ್ ಬ್ಯಾಟರಿ, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಖರ್ಚು ಇದರ ಮೇಲೆ.

ಒಂದೇ ಒಳ್ಳೆ ಯಂತ್ರದಲ್ಲಿ ವರ್ಚುವಲ್ ಮಷೀನ್‌ಗಳಾಗಿ (ಒಂದೇ ಯಂತ್ರದೊಳಗೆ ತಂತ್ರಾಂಶದಿಂದ ಮಾಡಿದ ಬೇರೆ ಬೇರೆ ಕಂಪ್ಯೂಟರ್‌ಗಳಂತೆ) ಇವನ್ನೆಲ್ಲ ನಡೆಸಬಹುದು. ಯಂತ್ರದ ಪ್ರೊಸೆಸರ್‌ನ ಎಲ್ಲ ಕೋರ್‌ಗಳಿಗೂ, ಕನಿಷ್ಠ 16ಕ್ಕೆ, ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಲೈಸೆನ್ಸ್ ಕೊಂಡರೆ ಎರಡು ವಿಂಡೋಸ್ ವರ್ಚುವಲ್ ಮಷೀನ್‌ಗೆ ಹಕ್ಕು ಸಿಗುತ್ತದೆ. ವರ್ಚುವಲ್ ಮಷೀನ್ ನಡೆಸುವ ತಂತ್ರಾಂಶ ಮಾಡುವ ವಿಎಂವೇರ್ ಕಂಪನಿ 2023ರಲ್ಲಿ ಬ್ರಾಡ್‌ಕಾಮ್ ಪಾಲಾದ ಮೇಲೆ ಶಾಶ್ವತ ಲೈಸೆನ್ಸ್ ಮಾರಾಟ ನಿಂತಿತು. ಹಾಗಾಗಿ ಅದೇ ಕೆಲಸ ಮಾಡುವ ಹೈಪರ್-ವಿ ಅಥವಾ ಪ್ರಾಕ್ಸ್‌ಮಾಕ್ಸ್ ನಮ್ಮಂಥವರಿಗೆ ಸರಿ ಅಂತ ನನ್ನ ಅಭಿಪ್ರಾಯ.

ಟ್ಯಾಲಿ ಲೈಸೆನ್ಸನ್ನು ಹಳೇ ಯಂತ್ರದಲ್ಲಿ ಸರೆಂಡರ್ ಮಾಡಿ (ಅಂದರೆ ಅಲ್ಲಿಂದ ಬಿಡಿಸಿ), ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ. ಇದನ್ನು ಮರೆತು ಹಳೇದನ್ನು ಫಾರ್ಮ್ಯಾಟ್ ಮಾಡಬೇಡಿ!

ಒಂದೇ ಯಂತ್ರ ಅಂದಮೇಲೆ ಅದು ಕೆಟ್ಟರೆ ಎಲ್ಲವೂ ನಿಲ್ಲುತ್ತದೆ. ಬ್ಯಾಕಪ್ ಬೇರೆ ಡಿವೈಸ್‌ನಲ್ಲೇ ಇರಲಿ, ರಿಸ್ಟೋರ್ ಮಾಡಿ ನೋಡಿದ ಮೇಲೇ ಹಳೇ ಸರ್ವರ್ ಆಫ್ ಮಾಡಿ. ಈಗಿರುವ ರ‍್ಯಾಮ್, ಡಿಸ್ಕ್ ವಿವರ ಇಲ್ಲಿ ಹಾಕಿದರೆ ಎಷ್ಟು ದೊಡ್ಡ ಯಂತ್ರ ಬೇಕಾದೀತು ಅಂತ ಲೆಕ್ಕ ಹಾಕಿ ಹೇಳುತ್ತೇನೆ.