ಆಗುಂಬೆಗೆ ಹೊರಡುವ ಮೊದಲು

ಮಲ್ಪೆ, ಜುಲೈ ಎರಡನೇ ವಾರ

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ತಡವಾದದ್ದು ನನ್ನ ಸೋಮಾರಿತನದಿಂದಲೇ, ಮಳೆಯ ಮೇಲೆ ಹಾಕುವುದಿಲ್ಲ.

ಕೆಲಸ ಬಿಟ್ಟು ಆಗುಂಬೆಯಲ್ಲಿ ಒಂದು ಕೋಣೆ ಹಿಡಿದು ಆರು ತಿಂಗಳು ಕೂತು ಬರೆಯುತ್ತೇನೆ ಅಂದಿದ್ದಿ. ಮಾರಾಯ್ತಿ, ಈ ಮಳೆಗಾಲದಲ್ಲಿ ಆಗುಂಬೆಯಲ್ಲಿ ಬಟ್ಟೆ ಒಣಗಿಸುವುದೇ ಒಂದು ಉದ್ಯೋಗ. ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ತಮಾಷೆ ಬಿಡು, ನಾನೂ ಹಾಗೆ ಹೋದವನೇ. ಘಟ್ಟದ ಮೇಲೆ ಪರಿಚಯದವರ ತೋಟದ ಮನೆಯಲ್ಲಿ ಒಂದೂವರೆ ತಿಂಗಳು ಇದ್ದೆ. ಮೊದಲ ವಾರ ಬರೆದೆ, ಎರಡನೇ ವಾರ ಬರೆದದ್ದನ್ನು ಹರಿದೆ. ಆಮೇಲೆ ಅಂಚೆಯವ ಬರುವ ಹೊತ್ತಿಗೆ ತಡಮೆಯ ಹತ್ತಿರ ಹೋಗಿ ನಿಲ್ಲತೊಡಗಿದೆ, ಅವನಾದರೂ ಎರಡು ಮಾತಾಡಲಿ ಅಂತ. ಏಕಾಂತ ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ಬರೀ ಬೇಸರ. ಊರಿಗೆ ಬಂದು ಮತ್ತೆ ಬೆಳಿಗ್ಗೆ ನಾಲ್ಕೂವರೆಗೆ, ಮನೆಯವರು ಏಳುವ ಮುಂಚೆ, ಅಡುಗೆಮನೆಯ ಮೇಜಿನಲ್ಲಿ ಕೂತ ಮೇಲೆಯೇ ಕತೆ ಮುಂದಕ್ಕೆ ಹೋದದ್ದು.

ನಮ್ಮ ಉಡುಪಿಯಲ್ಲೇ ಒಬ್ಬ ಡ್ರಿಲ್ ಮಾಸ್ತರು ಇದ್ದರಲ್ಲ, ನಂದಳಿಕೆಯ ಲಕ್ಷ್ಮೀನಾರಣಪ್ಪ. ಹಗಲಿಡೀ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಎಡ, ಬಲ ಎಂದು ತಿರುಗಿಸುವ ಕೆಲಸ, ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಕ್ಷಯ. ಬರೆದದ್ದನ್ನು ಮುದ್ದಣ ಎಂಬ ಹಳೆಯ ಕವಿಯದೆಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳಿಸಿದರು. 1870ರಲ್ಲಿ ಹುಟ್ಟಿದವರು 1901ರಲ್ಲಿ ತೀರಿಕೊಂಡರು. ಬರೆದದ್ದು ಅವರೇ ಎಂದು ಲೋಕಕ್ಕೆ ಖಾತ್ರಿಯಾಗುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿತ್ತು. ನಿನಗೆ ಸಮಾಧಾನ ಹೇಳಲಿಕ್ಕೆ ಈ ಮಾತು ತೆಗೆದದ್ದಲ್ಲ. 31ಕ್ಕೆ ಸಾಯುವುದರಲ್ಲಿ ಸಮಾಧಾನ ಎಂತದ್ದು! ನನ್ನನ್ನು ಹಿಡಿದು ನಿಲ್ಲಿಸುವುದು ಇಷ್ಟೇ: ಅಷ್ಟು ಕಷ್ಟದ ನಡುವೆ ಕೂತು ಆ ಮನುಷ್ಯ ಬರೆದದ್ದು ಗಂಡನನ್ನು ಮಾತುಮಾತಿಗೆ ಕೆಣಕುವ ಮನೋರಮೆಯ ಸರಸವನ್ನು. ಅಳು ಬರೆಯಲು ಅವರಿಗೆ ಬೇಕಾದಷ್ಟು ಕಾರಣ ಇತ್ತು.

"ಯಾರಿಗಾಗಿ ಬರೆಯುವುದು, ಯಾರು ಓದುತ್ತಾರೆ" ಅಂತ ಕೇಳಿದ್ದಿ. ನನಗೆ ಇದು ಗೊತ್ತಾದದ್ದು ಪಕ್ಕದ ಮನೆಯ ಜಗಲಿಯಲ್ಲಿ. ಅಲ್ಲಿ ಒಬ್ಬರು ಅಮ್ಮ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. ಓದು ಬಾರದು. "ಎಂತ ಬರೆದದ್ದು, ಓದಿ ಹೇಳಿ ಕಾಂಬ" ಅಂದರು. ಓದಿದೆ. ಎಲೆ ಕತ್ತರಿಸುತ್ತಾ, ಸೊಪ್ಪು ತುಂಬಿ ಸುರುಳುತ್ತಾ, ನೂಲು ಸುತ್ತುತ್ತಾ ಕೇಳಿದರು, ಒಮ್ಮೆಯೂ ತಲೆ ಎತ್ತಲಿಲ್ಲ. ಮುಗಿದಾಗ ಒಂದೇ ಮಾತು: "ಆ ಅಜ್ಜಿ ಸಾಲದ ಅಕ್ಕಿ ಅಳೆದು ಕೊಡುವಾಗ ಸೇರಿನ ತಲೆಯನ್ನು ಕೈಯಲ್ಲಿ ಸವರಲಿಲ್ಲವಾ?" ಸವರಿರಲಿಲ್ಲ. ನಾನು ಬರೆಯುವಾಗ ಕಂಡದ್ದು ಅಜ್ಜಿಯ ದುಃಖ, ಅವರು ಕೇಳಿದ್ದು ಅಜ್ಜಿಯ ಕೈ. ಆ ರಾತ್ರಿ ಒಂದು ವಾಕ್ಯ ಸೇರಿಸಿದೆ. ಇವತ್ತಿಗೂ ಪುಟ ಮುಗಿದಾಗ ಆ ಅಮ್ಮ ಎಂತ ಕೇಳಿಯಾರು ಅಂತಲೇ ಯೋಚಿಸುತ್ತೇನೆ. ವಿಮರ್ಶಕರ ನೆನಪಾಗುವುದು ಕಡಿಮೆ.

ಇನ್ನು ನಿನ್ನ ಕತೆ ವಾಪಸು ಬಂದ ವಿಷಯ. ನನ್ನ ಮೊದಲ ಹಸ್ತಪ್ರತಿಯನ್ನು ಒಬ್ಬ ಪ್ರಕಾಶಕರು ಮೂರು ವರ್ಷ ಇಟ್ಟುಕೊಂಡರು. ಕೊನೆಗೆ ಹೋಗಿ ಕೇಳಿದರೆ ಕಪಾಟಿನಿಂದ ತೆಗೆದುಕೊಟ್ಟದ್ದು ಗೆದ್ದಲು ತಿಂದ ಕಟ್ಟು. ನನ್ನಲ್ಲಿ ಇನ್ನೊಂದು ಪ್ರತಿ ಇರಲಿಲ್ಲ, ಅದು ನನ್ನ ದಡ್ಡತನ. ಹನ್ನೊಂದು ಕತೆಗಳಲ್ಲಿ ಒಂಬತ್ತನ್ನು ನೆನಪಿನಿಂದ ಮತ್ತೆ ಬರೆದೆ. ಉಳಿದೆರಡು ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ಬಹುಶಃ ಗೆದ್ದಲಿಗೆ ನನಗಿಂತ ಒಳ್ಳೆಯ ರುಚಿ ಇತ್ತು.

ನಿನ್ನೆ ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಬಂದರಿನ ಕಡೆ ಹೋಗಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಬೋಟುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಶೆಡ್ಡಿನಲ್ಲಿ ಒಬ್ಬ ಮುದುಕ ಬಲೆಯ ತೂತು ಮುಚ್ಚುತ್ತಿದ್ದ. ಅಂಗೈಯಗಲದ ಹರಕು. ನೇರವಾಗಿ ಹೆಣೆಯಲಿಲ್ಲ. ಮೊದಲು ಚೂರಿ ತೆಗೆದು ಸುತ್ತಲಿನ ಸವೆದ ಬಲೆಗಣ್ಣುಗಳನ್ನು ಒಂದೊಂದಾಗಿ ಕತ್ತರಿಸಿದ, ತೂತು ಇನ್ನಷ್ಟು ದೊಡ್ಡದಾಯಿತು. ಗಟ್ಟಿ ಗಂಟು ಸಿಕ್ಕುವವರೆಗೂ ಕತ್ತರಿಸುತ್ತಲೇ ಹೋದ. ಆಮೇಲೆ ಸೂಜಿ ಹಿಡಿದ. "ಈ ಸಲ ಮೀನು ಹೇಗೆ ಬಂದೀತು?" ಅಂತ ಕೇಳಿದೆ. "ಅದು ಆಗಸ್ಟಿನಲ್ಲಿ ಗೊತ್ತಾಗ್ತದೆ" ಅಂದ, ಕೈ ನಿಲ್ಲಿಸಲಿಲ್ಲ.

ನಿನ್ನ ಕತೆಯ ಮೂರನೇ ಪುಟದಲ್ಲಿ ಹುಡುಗಿ ಸುರತ್ಕಲ್ಲಿನಲ್ಲಿ ಬಸ್ಸಿಳಿದ ಮೇಲೆ ಎಲ್ಲ ಸಡಿಲವಾಗಿದೆ. ಅಲ್ಲಿಗೆ ತೇಪೆ ಹಾಕಬೇಡ, ಹಿಂದಿನ ಪುಟದಿಂದಲೇ ಕತ್ತರಿಸು. ಬಸ್ಸಿನ ಒಳಗಿನ ಭಾಗ ಚೆನ್ನಾಗಿದೆ, ಮುಟ್ಟಬೇಡ. ನೀನೂ ದಿನಾ ಮಂಗಳೂರಿನಿಂದ ಉಡುಪಿಗೆ ಅದೇ ಬಸ್ಸಿನಲ್ಲಿ ಓಡಾಡುವವಳಲ್ಲವಾ, ಗೊತ್ತಾಗುತ್ತದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿದರೆ ಒಂದೂವರೆ ಗಂಟೆ ಯಾರೂ ಮಾತಾಡಿಸುವುದಿಲ್ಲ. ಫೋನು ಚೀಲದೊಳಗೆ ಹಾಕಿ ನೋಡು, ಆರು ತಿಂಗಳಿನ ಬಾಡಿಗೆ ಉಳಿಯುತ್ತದೆ.

ಆಗಸ್ಟ್ ಮೊದಲ ಆದಿತ್ಯವಾರ ಬಾ. ಬೋಟು ಹೊರಟಿರುತ್ತವೆ. ತಿದ್ದಿದ ಪುಟ ತಾ, ಮತ್ತೆ ಒಂದು ನಕಲು ಮನೆಯಲ್ಲಿ ಇಟ್ಟು ಬಾ.

ನಿನ್ನ,
ಅಣ್ಣ